ಟರ್ಕಿ ಸರ್ಕಾರ ಹೊರದೇಶಗಳಲ್ಲಿ ತನ್ನ ಭಾಷೆ ಕಲಿಸುವ ಕೇಂದ್ರಗಳು: ನೋಡಿದವರು, ಕಲಿತವರು ಬರೆಯಿರಿ

ಡ್ಯಾನ್ಯೂಬ್ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ಬುಡಾಪೆಸ್ಟ್‌ಗೆ ಬಂದು ಆರು ವರ್ಷ ಆಯಿತು. ಕಳೆದ ವರ್ಷದಿಂದ ಇಲ್ಲಿ ಟರ್ಕಿ ಸರ್ಕಾರ ನಡೆಸುವ ಯೂನುಸ್ ಎಮ್ರೆ ಕೇಂದ್ರದಲ್ಲಿ ಟರ್ಕಿಶ್ ಕಲಿಯುತ್ತಿದ್ದೇನೆ. ಹಂಗೇರಿಯಲ್ಲಿದ್ದು ಟರ್ಕಿಶ್ ಯಾಕೆ ಅಂತ ಅಮ್ಮ ಫೋನಿನಲ್ಲಿ ಕೇಳಿದರು. ನಮ್ಮ ಪಕ್ಕದ ಮನೆಯಲ್ಲಿ ಇಜ್ಮಿರ್ ಕಡೆಯ ಸಂಸಾರ ಇದೆ. ಆ ಮನೆಯ ಅಜ್ಜಿಗೆ ಟರ್ಕಿಶ್ ಬಿಟ್ಟು ಬೇರೆ ಮಾತು ಬರುವುದಿಲ್ಲ. ನನಗೆ ಕೆಲಸ ಮುಗಿಯುವುದು ತಡವಾದಾಗ ಎಷ್ಟೋ ಸಂಜೆ ಮಗಳನ್ನು ನೋಡಿಕೊಂಡವರು ಅವರೇ. ಅವರ ಜೊತೆ ಕೈಸನ್ನೆ ಬಿಟ್ಟು ಬಾಯಿ ತುಂಬ ಮಾತಾಡಬೇಕು ಅನ್ನಿಸಿತು. ಅಷ್ಟೇ ಕಾರಣ.

ಮೊದಲ ದಿನ ಟೀಚರ್ ಬೋರ್ಡಿನ ಮೇಲೆ ಒಂದು ಹಂಗೇರಿಯನ್ ವಾಕ್ಯ ಬರೆದರು. ‘ಜೆಬೆಂಬೆನ್ ಶೋಕ್ ಕಿಚಿ ಅಲ್ಮ ವನ್.’ ಕೆಳಗೆ ಅದರ ಟರ್ಕಿಶ್. ‘ಜೆಬಿಮ್‌ದೆ ಚೋಕ್ ಕ್ಯುಚುಕ್ ಎಲ್ಮಾ ವಾರ್.’ ಹಂಗೇರಿಯವರಿಗೆ ಇದು ಹಳೆಯ ಉದಾಹರಣೆ, ಇಡೀ ಕ್ಲಾಸು ನಕ್ಕಿತು. ನಾನು ಸುಮ್ನೆ ಪುಸ್ತಕದ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ‘ಜೇಬಿನಲ್ಲಿ ತುಂಬ ಚಿಕ್ಕ ಸೇಬು ಇವೆ.’ ಬರೆದಾದ ಮೇಲೆ ನೋಡಿದರೆ ಮೂರೂ ಸಾಲು ಒಂದೇ ವರಸೆ! ಜೇಬು ಮೊದಲು, ಅದರ ಬಾಲಕ್ಕೆ ‘ಅಲ್ಲಿ’, ಆಮೇಲೆ ತುಂಬ, ಚಿಕ್ಕ, ಸೇಬು, ಕೊನೆಗೆ ‘ಇವೆ’. ಜೇಬು ಅನ್ನುವ ಪದವೂ ಮೂರರಲ್ಲೂ ಹತ್ತಿರ ಹತ್ತಿರ. ಟೀಚರಿಗೆ ತೋರಿಸಿದೆ. ಅವರು ನನ್ನ ಕೈಗೆ ಸೀಮೆಸುಣ್ಣ ಕೊಟ್ಟು ಅದನ್ನೂ ಬೋರ್ಡಿನ ಮೇಲೆ ಬರೆಸಿದರು. ಪರದೇಶದ ಒಂದು ಕ್ಲಾಸಿನಲ್ಲಿ, ಇನ್ನೊಂದು ದೇಶದ ಭಾಷೆಯ ಕೆಳಗೆ ಕನ್ನಡ ಅಕ್ಷರ ನೋಡಿ ನನಗೆ ಗಂಟಲು ಕಟ್ಟಿತು.

ಈಗ ವಿಷಯಕ್ಕೆ ಬರುತ್ತೇನೆ. ಒಂದು ದೇಶದ ಸರ್ಕಾರ ದುಡ್ಡು ಹಾಕಿ, ಇನ್ನೊಂದು ದೇಶದಲ್ಲಿ ಕೋಣೆ ಹಿಡಿದು, ಮೇಷ್ಟ್ರನ್ನು ಕಳಿಸಿ ತನ್ನ ಭಾಷೆ ಕಲಿಸುತ್ತದೆ. ಇದರಿಂದ ನಿಜಕ್ಕೂ ಏನಾಗುತ್ತದೆ? ಒಳ್ಳೆಯದು ಎಷ್ಟು, ರಾಜಕೀಯ ಎಷ್ಟು? ಗೊತ್ತಿರುವವರು ಬಿಡಿಸಿ ಬರೆಯಿರಿ. ನನಗೆ ಇದರ ಬಗ್ಗೆ ನಿಜವಾದ ಆಸಕ್ತಿ ಇದೆ.


ವಿಜಾಪುರದ ಹುಡುಗ

ಅಕ್ಕಾ, ಓದಿ ಭಾಳ ಖುಷಿಯಾಯಿತು. ಜೇಬು ಒಂದೇ ಅಲ್ಲ, ನಮ್ಮ ಕಡೆ ದಿನಾ ಬಳಸುವ ಎಷ್ಟೋ ಮಾತು ಅವರಲ್ಲೂ ಇವೆ. ನಮ್ಮ ಸಾಬೂನು ಅವರಿಗೆ ಸಾಬುನ್. ದರ್ಜಿ ಅವರಿಗೆ ತೆರ್ಜಿ. ತಾರೀಖು ಅವರಿಗೆ ತಾರಿಹ್, ಇತಿಹಾಸಕ್ಕೂ ಅದೇ ಪದ. ದಫ್ತರ ಅಂದರೆ ಅವರಿಗೆ ಬರೆಯುವ ನೋಟ್‌ಬುಕ್. ನಮ್ಮ ಎಪಿಎಂಸಿಯಲ್ಲಿ ಮೂಟೆ ಹೊರುವವನು ಹಮಾಲ, ಇಸ್ತಾಂಬುಲ್ ಪೇಟೆಯಲ್ಲೂ ಅವನು ಹಮಾಲನೇ. ಇವೆಲ್ಲ ಟರ್ಕಿಯಿಂದ ಇಲ್ಲಿಗೆ ಬಂದವಲ್ಲ. ಅರಬ್ಬಿ, ಪಾರ್ಸಿಯಿಂದ ಅವರಿಗೂ ಹೋದವು, ನಮಗೂ ಬಂದವು. ಆದರೆ ತೋಪು ಅನ್ನುವುದು ಟರ್ಕಿಶ್ ಮೂಲದ್ದೇ.

ತೋಪು ಅಂದ ಮೇಲೆ ನಮ್ಮೂರಿನ ಮಲಿಕ್-ಎ-ಮೈದಾನ್ ಬಗ್ಗೆ ಹೇಳದೆ ಇರಲಾರೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಆಮೇಲೆ ವಿಜಾಪುರಕ್ಕೆ ಬಂತು. ಮಾಡಿದವನ ಹೆಸರು ಅದರ ಮೇಲೆಯೇ ಇದೆ, ಮುಹಮ್ಮದ್ ಬಿನ್ ಹುಸೇನ್ ರೂಮಿ. ರೂಮಿ ಅಂದರೆ ರೂಮ್ ಸೀಮೆಯವನು. ಆಗಿನ ಆಟೋಮನ್ ನಾಡಿಗೆ ನಮ್ಮ ಕಡೆ ಹಾಗೆ ಹೇಳುತ್ತಿದ್ದರು. ಸಣ್ಣವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಆ ತೋಪಿನ ಬಾಯಿಗೆ ಕೈ ಹಾಕಿದ್ದೇನೆ. ಬಾಯಿ ಸಿಂಹದ್ದು, ಹಲ್ಲಿನ ನಡುವೆ ಆನೆ. ಎಷ್ಟು ಬಿಸಿಲಿದ್ದರೂ ಲೋಹ ತಣ್ಣಗಿರುತ್ತದೆ ಅಂತಾರೆ.

ನನಗೂ ಟರ್ಕಿಶ್ ಕಲಿಯುವ ಆಸೆ ಇದೆ. ವಿಜಾಪುರದಲ್ಲಿ ಕೂತು ಆಗುತ್ತದಾ?


ಮಂಡ್ಯದ ಕಬ್ಬು

ಯೂನುಸ್ ಎಮ್ರೆ ಅಂದರೆ ಯಾರು? ಈಗಿನ ಮಂತ್ರಿಯಾ?


ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಮಂತ್ರಿಯಲ್ಲ, ಕವಿ. ಆನಟೋಲಿಯಾದ, ಅಂದರೆ ಈಗಿನ ಟರ್ಕಿಯ ಏಷ್ಯಾ ಭಾಗದ ಸೂಫಿ. 13ನೇ ಶತಮಾನದ ನಡುವೆ ಹುಟ್ಟಿ 14ನೇ ಶತಮಾನದ ಮೊದಲ ದಶಕಗಳಲ್ಲಿ ತೀರಿಕೊಂಡರು ಅಂತ ಲೆಕ್ಕ. ಆಗ ಅಲ್ಲಿ ಆಸ್ಥಾನದ ಭಾಷೆ ಪಾರ್ಸಿ, ಮದ್ರಸಾದ ಭಾಷೆ ಅರಬ್ಬಿ. ಟರ್ಕಿಶ್ ಅಂದರೆ ಕುರಿ ಕಾಯುವವರ, ಹೊಲ ಉಳುವವರ ಮಾತು. ಯೂನುಸ್ ಅದೇ ಮಾತಿನಲ್ಲಿ ಹಾಡು ಕಟ್ಟಿದರು. ನಮ್ಮ ಶರಣರು ನೂರು ವರ್ಷ ಹಿಂದೆಯೇ ಸಂಸ್ಕೃತ ಬಿಟ್ಟು ಕನ್ನಡದಲ್ಲಿ ವಚನ ಹೇಳಿದ್ದರಲ್ಲ, ಆ ಜಾತಿಯ ಕೆಲಸ ಇದು. ಯುನೆಸ್ಕೋ 1991ನ್ನು ಯೂನುಸ್ ಎಮ್ರೆ ವರ್ಷ ಅಂತ ಆಚರಿಸಿತು. ತೀರಿಕೊಂಡು 700 ವರ್ಷ ಆಯಿತು ಅಂತ 2021ರಲ್ಲಿ ಟರ್ಕಿ ಸರ್ಕಾರ ಆ ವರ್ಷವನ್ನು ಅವರ ಹೆಸರಿಗೂ ಟರ್ಕಿಶ್ ಭಾಷೆಗೂ ಕೊಟ್ಟಿತು.

ಇನ್ನು ಸಂಸ್ಥೆ. 2007ರಲ್ಲಿ ಟರ್ಕಿಯ ಸಂಸತ್ತು ಕಾನೂನು ಮಾಡಿ ಯೂನುಸ್ ಎಮ್ರೆ ಪ್ರತಿಷ್ಠಾನ ಹುಟ್ಟುಹಾಕಿತು. ಅದರ ಕೆಳಗಿನ ಸಂಸ್ಥೆ 2009ರಲ್ಲಿ ಕೆಲಸ ಶುರುಮಾಡಿತು. ಮುಖ್ಯ ಕಚೇರಿ ಅಂಕಾರಾ. ಮೊದಲ ಕೇಂದ್ರ ತೆರೆದದ್ದು ಬಾಸ್ನಿಯಾದ ಸರಾಯೆವೋದಲ್ಲಿ. ಈಗ 60ಕ್ಕೂ ಹೆಚ್ಚು ದೇಶಗಳಲ್ಲಿದೆ.

ಇದು ಟರ್ಕಿಯವರು ಕಂಡುಹಿಡಿದ ದಾರಿ ಏನಲ್ಲ. ಫ್ರೆಂಚರ ಅಲಿಯಾನ್ಸ್ ಫ್ರಾನ್ಸೇಸ್ 1883ರದ್ದು. ಬ್ರಿಟಿಷ್ ಕೌನ್ಸಿಲ್ 1934. ಜರ್ಮನ್ನರ ಗಯಟೆ ಸಂಸ್ಥೆ 1951, ಬೆಂಗಳೂರಿನಲ್ಲಿ ಅದನ್ನು ಮ್ಯಾಕ್ಸ್ ಮುಲ್ಲರ್ ಭವನ ಅಂತ ಕರೆಯುತ್ತೇವೆ. ಸ್ಪೇನಿನವರು 1991ರಲ್ಲಿ ಸೆರ್ವಾಂತಿಸ್ ಹೆಸರಿನಲ್ಲಿ ಶುರುಮಾಡಿದರು, ಚೀನಾ 2004ರಲ್ಲಿ ಕನ್‌ಫ್ಯೂಶಿಯಸ್ ಹೆಸರಿನಲ್ಲಿ. ಗಮನಿಸಿ, ರಾಜನ ಹೆಸರು, ಸೇನಾಪತಿಯ ಹೆಸರು ಯಾರೂ ಇಟ್ಟಿಲ್ಲ. ಕವಿ, ಕಾದಂಬರಿಕಾರ, ಗುರು. ಹೊರಗಿನವರ ಮನೆ ಬಾಗಿಲಿಗೆ ಹೋಗುವಾಗ ಯಾರನ್ನು ಮುಂದೆ ಕಳಿಸಬೇಕು ಅಂತ ಈ ದೇಶಗಳಿಗೆ ಗೊತ್ತಿತ್ತು. ಟರ್ಕಿಯ ಚರಿತ್ರೆಯಲ್ಲಿ ಸುಲ್ತಾನರಿಗೇನು ಬರವಿಲ್ಲ. ಆದರೂ ಯೂನುಸ್‌ನನ್ನು ಆರಿಸಿದರು. ಅದು ನನಗೆ ತುಂಬ ಹಿಡಿಸಿತು.

ಇನ್ನೊಂದು ಮಾತು. ಈ ಕೇಂದ್ರಗಳಲ್ಲಿ ಕಲಿಸುವ ಟರ್ಕಿಶ್‌ನ ಬರಹಕ್ಕೆ ವಯಸ್ಸು ನೂರು ವರ್ಷವೂ ಇಲ್ಲ. 1928ರ ನವೆಂಬರ್ 1ರಂದು ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ಲಿಪಿ ತಂದರು. ಡಿಸೆಂಬರ್‌ಗೆ ಪತ್ರಿಕೆಗಳೆಲ್ಲ ಹೊಸ ಅಕ್ಷರದಲ್ಲಿ ಬಂದವು. ಟರ್ಕಿ ಗಣರಾಜ್ಯ ಕಟ್ಟಿದ ಅಟಾಟುರ್ಕ್ ಕರಿಹಲಗೆಯ ಮುಂದೆ ನಿಂತು ಅಕ್ಷರ ತೋರಿಸುವ ಫೋಟೋ ನೀವು ನೋಡಿರುತ್ತೀರಿ, ಅದು ಆ ವರ್ಷದ್ದೇ. 1932ರಲ್ಲಿ ಭಾಷಾ ಸಂಘ ಕಟ್ಟಿ ಅರಬ್ಬಿ, ಪಾರ್ಸಿ ಪದಗಳಿಗೆ ಬದಲಿ ಹುಡುಕಿದರು. ಶಾಲೆಗೆ ಮೆಕ್ತೆಪ್ ಹೋಗಿ ಒಕುಲ್ ಬಂತು. ವಿಮಾನಕ್ಕೆ ತಯ್ಯಾರೆ ಹೋಗಿ ಉಚಾಕ್ ಬಂತು. ಎಷ್ಟು ವೇಗ ಅಂದರೆ, 1927ರಲ್ಲಿ ಅಟಾಟುರ್ಕ್ ಆರು ದಿನ ಮಾಡಿದ ಭಾಷಣವನ್ನು ಇಂದಿನ ಹುಡುಗರು ಓದಬೇಕಾದರೆ ಅದನ್ನು ಮತ್ತೆ ಟರ್ಕಿಶ್‌ಗೇ ಅನುವಾದಿಸಬೇಕು. ತಾತನ ಕಾಗದ ಮೊಮ್ಮಗನಿಗೆ ಓದಲು ಬಾರದಂಥ ಬದಲಾವಣೆ. ನಮ್ಮ ಲಿಪಿ ಅಷ್ಟು ಹಠಾತ್ತಾಗಿ ಎಂದೂ ಕಡಿದುಹೋಗಿಲ್ಲ, ಅದು ನಮ್ಮ ಪುಣ್ಯ.


ಸಣ್ಣ ಅನುಮಾನ

ಎಲ್ಲ ಸರಿ ಮೇಷ್ಟ್ರೇ. ಆದರೆ ಎರಡು ವಿಷಯ ಕೇಳಲೇಬೇಕು.

ಒಂದು. ಈ ಸಂಸ್ಥೆ ಸರ್ಕಾರದ್ದು. ಸರ್ಕಾರ ಬದಲಾದರೆ, ಅದರ ಮನಸ್ಸು ಬದಲಾದರೆ, ಕ್ಲಾಸಿನೊಳಗಿನ ಮಾತೂ ಬದಲಾಗುತ್ತದೆ ಅಲ್ವಾ? ಬಾಲ್ಕನ್ ದೇಶಗಳಲ್ಲಿ ಟರ್ಕಿ ಇಷ್ಟು ಓಡಾಡುವುದನ್ನು ನೋಡಿ ಹಳೆ ಆಟೋಮನ್ ಕಾಲ ಮರಳಿ ತರುವ ಆಸೆ ಇದು ಅಂತ ಬರೆಯುವವರು ಜಾಸ್ತಿ ಇದ್ದಾರೆ. 2016ರ ಕಥೆಯನ್ನೂ ನೋಡಿ. ಅದಕ್ಕೂ ಮೊದಲು ಎಷ್ಟೋ ದೇಶಗಳಲ್ಲಿ ಟರ್ಕಿಶ್ ಕಲಿಸುತ್ತಿದ್ದದ್ದು ಧರ್ಮಗುರು ಫೆತುಲ್ಲಾ ಗ್ಯುಲೆನ್ ಪಂಥದವರು ನಡೆಸಿದ ಶಾಲೆಗಳು. 2003ರಿಂದ ಟರ್ಕಿಶ್ ಒಲಿಂಪಿಯಾಡ್ ಅಂತ ಮಾಡಿ ನಾನಾ ದೇಶದ ಮಕ್ಕಳಿಂದ ಟರ್ಕಿಶ್ ಹಾಡು ಹಾಡಿಸುತ್ತಿದ್ದರು. ದೊಡ್ಡ ದೊಡ್ಡ ನಾಯಕರು ಬಂದು ಚಪ್ಪಾಳೆ ತಟ್ಟಿದ್ದಾರೆ. ಆಮೇಲೆ ಸರ್ಕಾರಕ್ಕೂ ಆ ಪಂಥಕ್ಕೂ ಜಗಳವಾಯಿತು. 2016ರ ಜುಲೈ 15ರ ದಂಗೆ ಯತ್ನಕ್ಕೆ ಅವರೇ ಕಾರಣ ಅಂತ ಸರ್ಕಾರ ಹೇಳಿತು. ಅದೇ ವರ್ಷ ಮಆರಿಫ್ ಪ್ರತಿಷ್ಠಾನ ಅಂತ ಮಾಡಿ ಆ ಶಾಲೆಗಳನ್ನು ದೇಶ ದೇಶದಲ್ಲೂ ವಹಿಸಿಕೊಳ್ಳಲು ಹೊರಟಿತು. ಮಧ್ಯದಲ್ಲಿ ಸಿಕ್ಕಿಕೊಂಡವರು ಯಾರು? ಪಾಠ ಓದುತ್ತಿದ್ದ ಮಕ್ಕಳು.

ಎರಡು. ಹೊರಗೆ ತನ್ನ ಭಾಷೆಯನ್ನು ಇಷ್ಟು ಪ್ರೀತಿಯಿಂದ ಕಲಿಸುವ ದೇಶ ಒಳಗಿನ ಭಾಷೆಗಳನ್ನು ಹೇಗೆ ನಡೆಸಿಕೊಂಡಿತು? 1983ರಿಂದ 1991ರವರೆಗೆ ಕುರ್ದಿಶ್‌ನಲ್ಲಿ ಪುಸ್ತಕ, ಪತ್ರಿಕೆ ತರಲು ಬಿಡದ ಕಾನೂನು ಇತ್ತು. ಸರ್ಕಾರಿ ಟಿವಿಯಲ್ಲಿ ಕುರ್ದಿಶ್ ಚಾನೆಲ್ ಬಂದದ್ದು 2009ರಲ್ಲಿ. ಶಾಲೆಯಲ್ಲಿ ಆಯ್ಕೆಯ ಪಾಠವಾಗಿ ಬಂದದ್ದು 2012ರಲ್ಲಿ. ಲಕ್ಷ ಲಕ್ಷ ಜನರ ಮನೆಮಾತು ಅದು. ಉಬಿಖ್ ಅಂತ ಇನ್ನೊಂದು ಭಾಷೆ ಇತ್ತು. ರಷ್ಯಾದವರು ಕಾಕಸಸ್‌ನಿಂದ ಹೊರಹಾಕಿದ ಜನ ಟರ್ಕಿಗೆ ತಂದ ಮಾತು. 84 ವ್ಯಂಜನ, ಎರಡೇ ಸ್ವರ. ಅದನ್ನು ಚೆನ್ನಾಗಿ ಬಲ್ಲ ಕೊನೆಯ ಮನುಷ್ಯ ತೆವ್‌ಫಿಕ್ ಎಸೆಂಚ್ 1992ರ ಅಕ್ಟೋಬರ್ 7ರಂದು ತೀರಿಕೊಂಡ. ಅಲ್ಲಿಗೆ ಭಾಷೆಯೂ ಮುಗಿಯಿತು. ಭಾಷಾ ಪಂಡಿತರು ಬಂದು ಧ್ವನಿಮುದ್ರಣ ಮಾಡಿಟ್ಟುಕೊಂಡಿದ್ದಾರೆ, ಅಷ್ಟೇ ಉಳಿದದ್ದು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಮನೆಮಾತು ಕೊಡವ ತಕ್ಕ್. ಈ ಭಯ ನನಗೆ ಪುಸ್ತಕದ್ದಲ್ಲ.


ಡ್ಯಾನ್ಯೂಬ್ ದಂಡೆ

ನಿಮ್ಮ ಎರಡನೇ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ. ಅದು ನೋವಿನ ವಿಷಯವೇ. ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿಯ ಅಪ್ಪ ದಿಯಾರ್‌ಬಕಿರ್ ಕಡೆಯ ಕುರ್ದಿ, ತಾಯಿ ಹಂಗೇರಿಯವರು. ಅವಳು ಟರ್ಕಿಶ್ ಕಲಿಯಲು ಬಂದಿದ್ದಾಳೆ. ಅಜ್ಜಿ ಆಡುವ ಕುರ್ದಿಶ್ ಕಲಿಯೋಣ ಅಂದರೆ ಇಡೀ ಊರಿನಲ್ಲಿ ಒಂದು ಬೆಂಚೂ ಸಿಗಲಿಲ್ಲವಂತೆ. ಟರ್ಕಿಶ್‌ಗೆ ಮೇಷ್ಟ್ರು, ಪುಸ್ತಕ, ಪರೀಕ್ಷೆ ಎಲ್ಲ ಇವೆ. ಯಾಕೆಂದರೆ ಅದಕ್ಕೊಂದು ಸರ್ಕಾರ ಇದೆ. ಸರ್ಕಾರ ಕೈ ಹಿಡಿದ ಭಾಷೆಗೂ ಹಿಡಿಯದ ಭಾಷೆಗೂ ಇರುವ ದೂರ ಎಷ್ಟು ಅಂತ ಅವಳನ್ನು ನೋಡಿದಾಗಲೆಲ್ಲ ಅನ್ನಿಸುತ್ತದೆ.

ಮೊದಲನೇ ಮಾತಿಗೆ ನಾನು ಕಂಡದ್ದನ್ನು ಹೇಳುತ್ತೇನೆ. ಹೋದ ಬೇಸಿಗೆಯಲ್ಲಿ ಸರಾಯೆವೋಗೆ ಹೋಗಿದ್ದೆವು. ಹಳೆ ಪೇಟೆಯ ಹೆಸರು ಬಾಶ್‌ಚಾರ್ಶಿಯಾ. ಟರ್ಕಿಶ್‌ನಲ್ಲಿ ಬಾಶ್ ಅಂದರೆ ತಲೆ, ಮುಖ್ಯ. ಚಾರ್ಶಿ ಅಂದರೆ ಪೇಟೆ. ನಾವು ಉಳಿದ ಮನೆಯ ಯಜಮಾನಿ ಕಾಲುಚೀಲಕ್ಕೆ ಚಾರಾಪಾ ಅಂದರು, ಟರ್ಕಿಶ್‌ನಲ್ಲಿ ಚೋರಾಪ್. ದಿಂಬಿಗೆ ಯಾಸ್ತುಕ್, ಅದು ಯಾಸ್ತಿಕ್. ಚಮಚಕ್ಕೆ ಕಾಶಿಕಾ, ಅದು ಕಾಶಿಕ್. ನೆರೆಯವರಿಗೆ ಕೋಮ್‌ಶಿಯಾ, ಅದು ಕೋಮ್‌ಶು. ನನ್ನ ಅರೆಬರೆ ಟರ್ಕಿಶ್ ಕೇಳಿ ಆಕೆ ತಮ್ಮ ಅಡುಗೆಮನೆಯ ಒಂದೊಂದೇ ವಸ್ತು ಎತ್ತಿ ಹೆಸರು ಹೇಳಿದರು. ನಾನು ನನ್ನ ಪದ ಹೇಳಿದೆ. ಅರ್ಧ ಗಂಟೆ ಇದೇ ನಡೆಯಿತು.

ಸುಲ್ತಾನರು ಹೋಗಿ ಎಷ್ಟೋ ಕಾಲ ಆಯಿತು. ದಿಂಬಿನ ಹೆಸರು ಉಳಿದಿದೆ. ಅಲ್ಲಿನ ಶಾಲೆಗಳಲ್ಲಿ ಮಕ್ಕಳು ಟರ್ಕಿಶನ್ನು ಆಯ್ಕೆ ಭಾಷೆಯಾಗಿ ತೆಗೆದುಕೊಳ್ಳುತ್ತಾರೆ ಅಂದರೆ ಅದರಲ್ಲಿ ಈ ಅಡುಗೆಮನೆಯ ಪಾಲೂ ಇದೆ. ಬರೀ ಸರ್ಕಾರದ ಹಂಚಿಕೆ ಅಂತ ನನಗೆ ಅನ್ನಿಸುವುದಿಲ್ಲ. ಕೇಂದ್ರದವರು ಅದಕ್ಕೊಂದು ಮೇಜು, ಕುರ್ಚಿ ಹಾಕಿಕೊಟ್ಟಿದ್ದಾರೆ.

ಬುಡಾಪೆಸ್ಟ್‌ನಲ್ಲೂ ಹಾಗೇ. ಈ ಊರು 1541ರಿಂದ 1686ರವರೆಗೆ ಆಟೋಮನ್ನರ ಕೈಯಲ್ಲಿತ್ತು, ಯುದ್ಧದ ನೆನಪು ಚೆನ್ನಾಗಿಯೇ ಇದೆ. ಆದರೂ 1870ರಲ್ಲೇ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಟರ್ಕಿಶ್ ಅಧ್ಯಯನಕ್ಕೆ ಪೀಠ ಇತ್ತು, ದರವೇಶಿಯ ವೇಷದಲ್ಲಿ ಮಧ್ಯ ಏಷ್ಯಾ ಸುತ್ತಿ ಬಂದ ವಾಂಬೇರಿ ಅಲ್ಲಿ ಪಾಠ ಹೇಳುತ್ತಿದ್ದರು. ಸಂಗೀತಗಾರ ಬಾರ್ಟೋಕ್ 1936ರಲ್ಲಿ ಆನಟೋಲಿಯಾದ ಹಳ್ಳಿಗಳಿಗೆ ಹೋಗಿ ಜನಪದ ಹಾಡು ಸಂಗ್ರಹಿಸಿದರು. ಗುಡ್ಡದ ಮೇಲೆ ಗ್ಯುಲ್ ಬಾಬಾ ಅನ್ನುವ ದರವೇಶಿಯ ಗೋರಿ ಇದೆ. ಎರಡೂ ದೇಶ ಸೇರಿ ದುರಸ್ತಿ ಮಾಡಿ 2018ರಲ್ಲಿ ತೆರೆದವು. ಸುತ್ತ ಗುಲಾಬಿ, ಲ್ಯಾವೆಂಡರ್. ನಾವು ಭಾನುವಾರ ಮಗಳನ್ನು ಕರೆದುಕೊಂಡು ಅಲ್ಲಿಗೇ ಹೋಗುವುದು.


ರೈನ್ ತೀರದ ಕರಾವಳಿಯವ

ನಾನು ಕಲೋನ್‌ನಲ್ಲಿದ್ದೇನೆ, ಊರು ಕುಂದಾಪುರ. ಇಲ್ಲಿಯ ಕಥೆ ಬೇರೆ, ಹಾಗಾಗಿ ಹೇಳಬೇಕು.

ಜರ್ಮನಿಗೂ ಟರ್ಕಿಗೂ 1961ರ ಅಕ್ಟೋಬರ್ 30ರಂದು ಕೂಲಿಗಳ ಒಪ್ಪಂದ ಆಯಿತು. ಗಣಿಗೆ, ಕಾರ್ಖಾನೆಗೆ ಜನ ಬಂದರು. ಎರಡು ವರ್ಷ ದುಡಿದು ವಾಪಸ್ ಹೋಗುತ್ತೇವೆ ಅಂತ ಬಂದವರ ಮೊಮ್ಮಕ್ಕಳು ಈಗ ನನ್ನ ಜೊತೆ ಆಫೀಸಿನಲ್ಲಿದ್ದಾರೆ. ಟರ್ಕಿ ಮೂಲದವರು ಈಗ ಜರ್ಮನಿಯಲ್ಲಿ ಸುಮಾರು 30 ಲಕ್ಷ ಜನ. ಇಲ್ಲಿಯ ಯೂನುಸ್ ಎಮ್ರೆ ಕೇಂದ್ರಕ್ಕೆ ಬರುವವರಲ್ಲಿ ಟರ್ಕಿಶ್ ಗೊತ್ತಿಲ್ಲದ ಜರ್ಮನ್ನರೂ ಇದ್ದಾರೆ, ಗೊತ್ತಿರಬೇಕಾಗಿದ್ದೂ ಗೊತ್ತಿಲ್ಲದ ಟರ್ಕಿಶ್ ಮಕ್ಕಳೂ ಇದ್ದಾರೆ. ಎರಡನೆಯವರನ್ನು ನೋಡಿದರೆ ಸಂಕಟ ಆಗುತ್ತದೆ. ಕೆಳಮನೆಯ ಹುಡುಗನಿಗೆ ಈಗ ಹದಿನಾರು. ಚಿಕ್ಕವನಿದ್ದಾಗ ಅವನ ಶಾಲೆಯಲ್ಲಿ ಆಟದ ಹೊತ್ತಿನಲ್ಲೂ ಟರ್ಕಿಶ್ ಆಡಬೇಡ ಅಂದಿದ್ದರಂತೆ. ಅವನು ಮನೆಯಲ್ಲೂ ನಿಲ್ಲಿಸಿಬಿಟ್ಟ. ಅಮ್ಮ ಟರ್ಕಿಶ್‌ನಲ್ಲಿ ಕೇಳುತ್ತಾಳೆ, ಮಗ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾನೆ. ನನ್ನ ಮನೆಯಲ್ಲಿ ಕುಂದಾಪ್ರ ಕನ್ನಡಕ್ಕೂ ಇದೇ ಗತಿ ಬರಬಾರದು ಅಂತ ದಿನಾ ಒದ್ದಾಡುತ್ತೇನೆ.

ಸರ್ಕಾರ ಬೇಕಾ ಬೇಡವಾ ಅನ್ನುವ ಪ್ರಶ್ನೆಗೆ ಇಲ್ಲಿ ಎರಡೂ ಉತ್ತರ ಇದೆ. ನಾವಿರುವ ರಾಜ್ಯದಲ್ಲಿ ವಲಸಿಗರ ಮಕ್ಕಳಿಗೆ ಮನೆಮಾತಿನ ಪಾಠ ಶಾಲೆಯಲ್ಲೇ ಇದೆ. ಮೇಷ್ಟ್ರಿಗೆ ಸಂಬಳ ಜರ್ಮನ್ ರಾಜ್ಯದ್ದು. ದಕ್ಷಿಣದ ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಅದೇ ಪಾಠ ದೂತಾವಾಸದ ಕೈಯಲ್ಲಿ. ಮೇಷ್ಟ್ರು ಬರುವುದು ಟರ್ಕಿಯಿಂದ, ಸಂಬಳ ಟರ್ಕಿಯದ್ದು. ಆ ಪಾಠದೊಳಗೆ ಏನು ಹೇಳುತ್ತಾರೆ ಅಂತ ಜರ್ಮನ್ನರಿಗೆ ಅನುಮಾನ, ಆಗಾಗ ಗಲಾಟೆ. ನನ್ನ ಅಭಿಪ್ರಾಯ ಕೇಳಿದರೆ, ಮಗು ಬೆಳೆಯುತ್ತಿರುವ ನಾಡೇ ಆ ಮಗುವಿನ ಮನೆಮಾತಿನ ಖರ್ಚು ಹೊರುವುದು ಸರಿ. ಹೊರಗಿನ ಸರ್ಕಾರದ ಕೇಂದ್ರ ದೊಡ್ಡವರಿಗೆ ಇರಲಿ, ಹಾಡು, ಅಡುಗೆ, ಪುಸ್ತಕಕ್ಕೆ ಇರಲಿ. ಮಕ್ಕಳ ಪಾಠ ದೂತಾವಾಸದ ಫೈಲಿನೊಳಗೆ ಇರಬಾರದು.


ದಿಲ್ಲಿಯ ಚಳಿ

ಅನುಮಾನದವರು ಮಕ್ಕಳು ಮಧ್ಯದಲ್ಲಿ ಸಿಕ್ಕಿಕೊಂಡರು ಅಂದರಲ್ಲ, ನಮ್ಮಲ್ಲೂ ಅದು ಆಯಿತು. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ಆದಾಗ ಟರ್ಕಿ ಅವರ ಪರ ನಿಂತಿತು. ದಿಲ್ಲಿಯ ಜೆಎನ್‌ಯು ಅಲ್ಲಿನ ಇನೋನ್ಯು ವಿಶ್ವವಿದ್ಯಾಲಯದ ಜೊತೆಗಿನ ಒಪ್ಪಂದವನ್ನು ತಡೆಹಿಡಿಯಿತು. ಜಾಮಿಯಾ ಮಿಲಿಯಾ ಕೂಡ ಟರ್ಕಿಯ ಸಂಸ್ಥೆಗಳ ಜೊತೆಗಿನ ಒಪ್ಪಂದಗಳನ್ನು ನಿಲ್ಲಿಸಿತು. ದೇಶದ ನಿಲುವು ನನಗೆ ಅರ್ಥವಾಗುತ್ತದೆ, ಆ ದಿನಗಳಲ್ಲಿ ನನಗೂ ಸಿಟ್ಟು ಬಂದಿತ್ತು. ಆದರೆ ಟರ್ಕಿಶ್ ಬಲ್ಲ ನಾಲ್ಕು ಜನ ನಮ್ಮಲ್ಲಿ ಇರಲೇಬೇಕು. ಅವರ ಪತ್ರಿಕೆ ಅವರ ಭಾಷೆಯಲ್ಲೇ ಓದಬಲ್ಲವರು, ಅವರ ಸಂಸತ್ತಿನ ಮಾತು ನೇರ ಕೇಳಬಲ್ಲವರು. ಜಗಳ ಇದ್ದಾಗ ಅಂಥವರ ಅಗತ್ಯ ಇನ್ನೂ ಹೆಚ್ಚು. ಭಾಷೆ ಕಲಿಯಲು ಬೇಕಾಗುವುದು ವರ್ಷಗಳು. ಒಪ್ಪಂದ ನಿಲ್ಲಿಸಲು ಒಂದು ಸಂಜೆ ಸಾಕು.


ಬಣ್ಣದ ಬುಟ್ಟಿ, ಮೈಸೂರು

ಗಂಭೀರ ಚರ್ಚೆಯ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಈ ಕೇಂದ್ರಗಳಲ್ಲಿ ಎಬ್ರು ಕಲಿಸುತ್ತಾರೆ ಅಂತ ಕೇಳಿದ್ದೆ, ನೀರಿನ ಮೇಲೆ ಬಣ್ಣ ಬರೆಯುವುದು. ಯುನೆಸ್ಕೋ ಪಟ್ಟಿಗೆ 2014ರಲ್ಲಿ ಸೇರಿದೆ. ಡ್ಯಾನ್ಯೂಬ್ ಮೇಡಂ, ನೀವು ಕಣ್ಣಾರೆ ನೋಡಿದ್ದೀರಾ? ಬಣ್ಣ ಮುಳುಗದೆ ಹೇಗೆ ನಿಲ್ಲುತ್ತದೆ?


ಡ್ಯಾನ್ಯೂಬ್ ದಂಡೆ

ನೋಡಿದ್ದೇನೆ ಮೇಡಂ, ಒಂದು ಮಧ್ಯಾಹ್ನ ಪೂರ್ತಿ ಕೈಯಾರೆ ಮಾಡಿದ್ದೇನೆ.

ನಮ್ಮ ಇಡ್ಲಿ ಹಿಟ್ಟಿನ ಬಣ್ಣದ ನೀರು ತುಂಬಿದ ಅಗಲ ತಟ್ಟೆ ಇರುತ್ತದೆ, ತೆಕ್ನೆ ಅಂತಾರೆ. ಅದು ಬರೀ ನೀರಲ್ಲ. ಕಿತ್ರೆ ಅನ್ನುವ ಗೋಂದನ್ನು ನೆನೆಸಿ, ಸೋಸಿ ಹಾಕಿರುತ್ತಾರೆ. ಬೆರಳು ಅದ್ದಿದರೆ ತೆಳು ಗಂಜಿ ಮುಟ್ಟಿದಂತೆ. ಬಣ್ಣ ಮಣ್ಣಿನದ್ದು, ನುಣ್ಣಗೆ ಅರೆದದ್ದು. ಅದಕ್ಕೆ ಹನಿ ಹನಿಯಾಗಿ ದನದ ಪಿತ್ತ ಸೇರಿಸುತ್ತಾರೆ. ಗುಟ್ಟು ಇರುವುದು ಅಲ್ಲೇ. ಪಿತ್ತ ಕಡಿಮೆ ಆದರೆ ಹನಿ ತಳಕ್ಕೆ ಇಳಿಯುತ್ತದೆ. ಜಾಸ್ತಿ ಆದರೆ ಮೇಲೆ ಅಂಕೆಯಿಲ್ಲದೆ ಹರಡುತ್ತದೆ. ಕುಂಚ ಗುಲಾಬಿ ಗಿಡದ ಕಡ್ಡಿಗೆ ಕುದುರೆ ಕೂದಲು ಕಟ್ಟಿದ್ದು. ಅದನ್ನು ತೋರುಬೆರಳ ಮೇಲೆ ಮೆಲ್ಲಗೆ ತಟ್ಟಬೇಕು. ಹನಿ ಬಿದ್ದ ಕಡೆ ಬಣ್ಣ ದುಂಡಗೆ ಅರಳುತ್ತದೆ. ಅದರ ಮೇಲೆ ಇನ್ನೊಂದು ಬಣ್ಣ ಬಿದ್ದರೆ ಮೊದಲಿನದ್ದು ಪಕ್ಕಕ್ಕೆ ಸರಿದು ಜಾಗ ಕೊಡುತ್ತದೆ, ಎರಡೂ ಬೆರೆಯುವುದಿಲ್ಲ. ಬಿಜ್ ಅನ್ನುವ ದಬ್ಬಳದಂಥ ಸೂಜಿಯಿಂದ ಆ ದುಂಡನ್ನು ಎಳೆದು ಟ್ಯುಲಿಪ್ ಹೂವು ಮಾಡಿದರು. ಆಮೇಲೆ ಕಾಗದ ಹಾಸಬೇಕು. ಒಂದು ಮೂಲೆಯಿಂದ ಶುರು, ಗಾಳಿ ಸೇರಬಾರದು. ತಟ್ಟೆಯ ಅಂಚಿಗೆ ಒರೆಸುತ್ತಾ ಎಳೆದರೆ ಹೂವು ಕಾಗದದ ಮೇಲಿರುತ್ತದೆ, ನೀರಿನ ಮೇಲೆ ಏನೂ ಇರುವುದಿಲ್ಲ.

ನನ್ನ ಹೂವಿನ ತೊಟ್ಟು ಸೊಟ್ಟ ಬಂತು. ಮತ್ತೆ ಅದೇ ಹೂವು ಮಾಡಲು ಆಗಲ್ಲ, ಪ್ರತಿ ಸಲ ಬೇರೆ. ಕಾಗದ ಒಣಗಿಸಿ ಪಕ್ಕದ ಮನೆ ಅಜ್ಜಿಗೆ ಕೊಟ್ಟೆ. ಅವರು ನನ್ನ ಎರಡೂ ಕೈ ಹಿಡಿದು ‘ಎಲಿನೆ ಸಾಲಿಕ್’ ಅಂದರು. ನಿನ್ನ ಕೈಗೆ ಆರೋಗ್ಯ ಸಿಗಲಿ ಅಂತ. ಅಡುಗೆ ಮಾಡಿದವರಿಗೆ, ಕೈಯಾರೆ ಏನನ್ನಾದರೂ ಮಾಡಿದವರಿಗೆ ಅವರು ಹೇಳುವ ಮಾತು. ಆ ಕಾಗದ ಈಗ ಅವರ ಫ್ರಿಜ್ಜಿನ ಮೇಲಿದೆ.


ವಿಜಾಪುರದ ಹುಡುಗ

ಅಕ್ಕಾ, ನನ್ನ ಪ್ರಶ್ನೆ ಹಾಗೇ ಉಳಿಯಿತು. ಇಲ್ಲೇ ಕೂತು ಕಲಿಯುವುದು ಹೇಗೆ? ವ್ಯಾಕರಣ ಕಷ್ಟವಾ?


ಡ್ಯಾನ್ಯೂಬ್ ದಂಡೆ

ತಮ್ಮಾ, ಯೂನುಸ್ ಎಮ್ರೆ ಸಂಸ್ಥೆಯದ್ದೇ ಆನ್‌ಲೈನ್ ಪಾಠದ ತಾಣ ಇದೆ, ದುಡ್ಡು ಕೊಡಬೇಕಿಲ್ಲ. ಅಲ್ಲಿ ಶುರುಮಾಡು. ಮುಂದೆ ಓದಲು ಹೋಗುವ ಮನಸ್ಸಿದ್ದರೆ ಟರ್ಕಿ ಸರ್ಕಾರದ ವಿದ್ಯಾರ್ಥಿವೇತನ ಇದೆ, ಅದರಲ್ಲಿ ಮೊದಲ ವರ್ಷ ಭಾಷೆ ಕಲಿಸುತ್ತಾರೆ. ಎಷ್ಟು ಬಂತು ಅಂತ ಅಳೆಯಲು ಸಂಸ್ಥೆಯದ್ದೇ ಪರೀಕ್ಷೆಯೂ ಇದೆ. ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು, ನಾಲ್ಕನ್ನೂ ನೋಡುತ್ತಾರೆ.

ವ್ಯಾಕರಣಕ್ಕೆ ಹೆದರಬೇಡ. ಇಂಗ್ಲಿಷ್ ದಾರಿಯಿಂದ ಹೋದರೆ ಕಷ್ಟ, ಕನ್ನಡದ ದಾರಿಯಿಂದ ಹೋಗು. ಎವ್ ಅಂದರೆ ಮನೆ. ಎವೆ ಅಂದರೆ ಮನೆಗೆ. ಎವ್‌ದೆ ಅಂದರೆ ಮನೆಯಲ್ಲಿ. ಎವ್‌ದೆನ್ ಅಂದರೆ ಮನೆಯಿಂದ. ಬಾಲ ಅಂಟಿಸುತ್ತಾ ಹೋಗುವುದು, ನಮ್ಮ ವಿಭಕ್ತಿಯಂತೆ. ‘ಗಿದಿಪ್ ಗೆಲ್ದಿಮ್’ ಅಂದರೆ ಹೋಗಿ ಬಂದೆ, ಅದೇ ಎರಡು ಪದ, ಅದೇ ಅನುಕ್ರಮ. ನಾವು ಪುಸ್ತಕ ಗಿಸ್ತಕ ಅಂದರೆ ಅವರು ಕಿತಾಪ್ ಮಿತಾಪ್ ಅಂತಾರೆ. ನಮ್ಮ ‘ಗಿ’ ಇರುವ ಕಡೆ ಅವರಿಗೆ ‘ಮ’. ನಾವು ‘ಅಂತ’ ಅನ್ನುವ ಕಡೆ ಅವರು ‘ದಿಯೆ’ ಅಂತಾರೆ, ಅದೂ ‘ಅನ್ನು’ ಅನ್ನುವ ಕ್ರಿಯಾಪದದಿಂದ ಬಂದದ್ದೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಮಿಶ್’. ‘ಗೆಲ್ದಿ’ ಅಂದರೆ ಬಂದ, ನಾನೇ ನೋಡಿದೆ. ‘ಗೆಲ್ಮಿಶ್’ ಅಂದರೆ ಬಂದನಂತೆ. ನಮ್ಮ ‘ಅಂತೆ’ಯೇ! ಕ್ಲಾಸಿನಲ್ಲಿದ್ದ ಇಂಗ್ಲಿಷ್ ಹುಡುಗನಿಗೆ ಇದು ತಲೆಗೆ ಹೋಗಲು ಎರಡು ವಾರ ಬೇಕಾಯಿತು. ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಅವರ ಅಜ್ಜಿ ಕಥೆಗಳು ಶುರುವಾಗುವುದೇ ಈ ‘ಮಿಶ್’ನಿಂದ. ಒಂದು ಇತ್ತಂತೆ, ಒಂದು ಇರಲಿಲ್ಲವಂತೆ ಅಂತ. ನಮ್ಮಜ್ಜಿ ‘ಒಂದೂರಲ್ಲಿ ಒಬ್ಬ ರಾಜ ಇದ್ನಂತೆ’ ಅನ್ನುತ್ತಿದ್ದದ್ದು ನೆನಪಾಗಿ ಆ ದಿನ ಟ್ರಾಮ್‌ನಲ್ಲಿ ಮನೆಗೆ ಬರುವಾಗ ಅಮ್ಮನಿಗೆ ಫೋನ್ ಮಾಡಿದೆ. ಟರ್ಕಿಶ್ ಯಾಕೆ ಅಂತ ಕೇಳಿದ್ದೆಯಲ್ಲ, ಕೇಳು ಅಂತ ಇಷ್ಟನ್ನೂ ಹೇಳಿದೆ. ಅಮ್ಮ ತುಂಬ ಹೊತ್ತು ಕೇಳಿಸಿಕೊಂಡರು.

ಅಂಗಡಿಯಲ್ಲಿ ಅಕ್ಕ ಅಂತ ಕರೆಯುವುದೂ ಇದೆ, ಆಬ್ಲಾ ಅಂತಾರೆ. ಅಣ್ಣನಿಗೆ ಆಬಿ. ಮೇಷ್ಟ್ರಿಗೆ ಹೋಜಮ್. ಹೆಸರು ಹಿಡಿದು ಕೂಗುವ ಕಷ್ಟ ಇಲ್ಲ.

ಒಂದು ಮಾತ್ರ ಹೊಸದು. ಸ್ವರಗಳು ಜೊತೆಯಾಗಿ ನಡೆಯಬೇಕು. ಹಿಂದಿನ ಸ್ವರ ನೋಡಿ ಬಾಲ ಬದಲಾಗುತ್ತದೆ. ಅದು ಬಾಯಿಗೆ ಬರುವವರೆಗೆ ದಿನಾ ಗಟ್ಟಿಯಾಗಿ ಹೇಳಿಕೊಳ್ಳಬೇಕು.


ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಇದನ್ನು ಓದುತ್ತಾ ನಾನೂ ಆ ತಾಣ ತೆರೆದು ಹೆಸರು ಬರೆಸಿದೆ. ಎಪ್ಪತ್ತೊಂದನೇ ವಯಸ್ಸು. ಮೊಮ್ಮಗಳು ಲಾಗಿನ್ ಮಾಡಿಕೊಟ್ಟಳು.


ಸಣ್ಣ ಅನುಮಾನ

ನಾನೂ ಸೇರುತ್ತೇನೆ ಮೇಷ್ಟ್ರೇ. ಆದರೆ ಮೊದಲು ಅಮ್ಮನ ಹತ್ತಿರ ಕೂತು ನಮ್ಮ ಮನೆಯ ಅಡುಗೆ ಸಾಮಾನಿನ ಕೊಡವ ಹೆಸರುಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಸರಾಯೆವೋದ ಅಡುಗೆಮನೆ ಓದಿದಾಗಿನಿಂದ ಅದೇ ತಲೆಯಲ್ಲಿದೆ. ಈ ಶನಿವಾರ ವಿರಾಜಪೇಟೆಗೆ ಹೊರಟಿದ್ದೇನೆ.


ವಿಜಾಪುರದ ಹುಡುಗ

ಮೂರು ದಿನ ಆಯಿತು ಅಕ್ಕಾ, ದಿನಾ ಒಂದು ಗಂಟೆ ಕೂತೆ. ನಾನಾಗಿಯೇ ಕಟ್ಟಿದ ಮೊದಲ ವಾಕ್ಯ ಇದು. ‘ಬೆನ್ ವಿಜಾಪುರ್‌ದೆನ್ ಗೆಲಿಯೊರುಮ್.’ ನಾನು ವಿಜಾಪುರದಿಂದ ಬರುತ್ತಿದ್ದೇನೆ ಅಂತ. ಸರಿ ಇದೆಯಾ?


ಡ್ಯಾನ್ಯೂಬ್ ದಂಡೆ

ಭೇಷ್ ತಮ್ಮಾ! ಒಂದೇ ತಿದ್ದು. ಎವ್‌ಗೆ ದೆನ್, ಆದರೆ ವಿಜಾಪುರದ ಕೊನೆಯ ಸ್ವರ ‘ಉ’. ಅದರ ಹಿಂದೆ ‘ದನ್’ ಬರಬೇಕು. ‘ವಿಜಾಪುರ್‌ದನ್ ಗೆಲಿಯೊರುಮ್.’ ‘ಬೆನ್’ ಬಿಟ್ಟರೂ ನಡೆಯುತ್ತದೆ, ‘ನಾನು’ ಕ್ರಿಯಾಪದದ ಬಾಲದಲ್ಲೇ ಇದೆ, ‘ಬರ್ತೀನಿ’ ಅನ್ನುವಾಗ ಇರುವಂತೆ. ನಿನ್ನ ವಾಕ್ಯವನ್ನು ಅಜ್ಜಿಗೆ ಓದಿ ಹೇಳಿದೆ. ‘ಹೋಶ್ ಗೆಲ್ದಿನ್’ ಅಂದರು. ಚೆನ್ನಾಗಿ ಬಂದೆ ಅಂತ ಅರ್ಥ. ಅದಕ್ಕೆ ಉತ್ತರ ‘ಹೋಶ್ ಬುಲ್ದುಕ್’. ಬರೆದು ಕಳಿಸು, ಅವರಿಗೆ ತೋರಿಸುತ್ತೇನೆ.